ರಿಪೋರ್ಟಿನಲ್ಲಿ ಇಲ್ಲದ ಅಂಕಿ

ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ಯಾರದಾದರೂ ಕೆಮ್ಮು ತಿಂಗಳಾದರೂ ಬಿಡಲಿಲ್ಲವೆಂದರೆ ಮುಂದಿನ ದಾರಿ ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತಿರುವಂಥದ್ದೇ. ಮೊದಲು ಇಂಡಿಗೆ ಹೋಗಿ ಎದೆಯ ಎಕ್ಸ್‌ರೇ. ಅದರಲ್ಲಿ ನೆರಳೇನಾದರೂ ಕಂಡರೆ ವಿಜಯಪುರದಲ್ಲಿ ಸಿ.ಟಿ. ಸ್ಕ್ಯಾನ್. ಅಲ್ಲಿಯೂ ಸಮಾಧಾನವಾಗದಿದ್ದರೆ ಬೀಗರಲ್ಲೊಬ್ಬರು ಸೊಲ್ಲಾಪುರದ ಹೆಸರು ಎತ್ತುತ್ತಾರೆ. ಅಲ್ಲಿ ಹಳೆಯ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, ‘ಇದರಾಗ ಸರಿ ಕಾಣವಲ್ದು, ನಮ್ಮಲ್ಲೇ ಇನ್ನೊಮ್ಮೆ ತಗಸ್ರಿ’ ಎಂದರೆ ಎದುರಾಡುವವರಿಲ್ಲ. ಮೂರು ಊರು ಸುತ್ತಿ ಬರುವಷ್ಟರಲ್ಲಿ ಕೈಯಲ್ಲಿ ದಪ್ಪನೆಯ ಕವರು. ಅದರೊಳಗೆ ಹೆಸರು, ವಯಸ್ಸು, ತಾರೀಖು, ಕಳಿಸಿದ ಡಾಕ್ಟರ ಹೆಸರು, ಬಿಲ್ಲು, ಫಿಲ್ಮು, ಒಂದೆರಡು ಪುಟದ ರಿಪೋರ್ಟು ಎಲ್ಲವೂ ಇರುತ್ತವೆ. ನಾನು ಬಿಚ್ಚಿ ನೋಡಿದ ಇಂಥ ಕವರುಗಳಲ್ಲಿ ಸಿಗದೆ ಹೋದದ್ದು ಒಂದೇ ಅಂಕಿ: ಈ ದೇಹಕ್ಕೆ ಎಷ್ಟು ವಿಕಿರಣ ಕೊಟ್ಟರು ಎಂಬುದು.

ಆ ಅಂಕಿ ಎಲ್ಲಿಯೂ ಇಲ್ಲವೆಂದಲ್ಲ. ಸಿ.ಟಿ. ಯಂತ್ರ ಪ್ರತಿ ಸ್ಕ್ಯಾನಿನ ಕೊನೆಗೆ ತಾನೇ ಒಂದು ಪುಟ್ಟ ಪಟ್ಟಿ ತಯಾರಿಸಿ ಪರದೆಯ ಮೇಲೆ ತೋರಿಸುತ್ತದೆ. ಅದರಲ್ಲಿ ಎರಡು ಅಂಕಿ ಮುಖ್ಯ. ಮೊದಲನೆಯದು ಸಿ.ಟಿ.ಡಿ.ಐ., ಅಂದರೆ ದೇಹದ ಒಂದೊಂದು ಅಡ್ಡಹೋಳಿಗೆ ಯಂತ್ರ ಬಿಟ್ಟ ವಿಕಿರಣದ ಮಟ್ಟ. ಅದರ ಅಳತೆ ಮಿಲಿಗ್ರೇ. ಎರಡನೆಯದು ಡಿ.ಎಲ್.ಪಿ., ಆ ಮಟ್ಟವನ್ನು ಸ್ಕ್ಯಾನ್ ಆದ ಉದ್ದದಿಂದ ಗುಣಿಸಿದ್ದು. ಎದೆಯ ಸ್ಕ್ಯಾನಿಗೆ 10 ಮಿಲಿಗ್ರೇ, ಉದ್ದ 35 ಸೆಂ.ಮೀ. ಎಂದಿಟ್ಟುಕೊಳ್ಳಿ, ಡಿ.ಎಲ್.ಪಿ. 350 ಆಯಿತು. ಎದೆಗೆಂದು ಬಳಸುವ ಪರಿವರ್ತನಾಂಕ 0.014ರಿಂದ ಅದನ್ನು ಗುಣಿಸಿದರೆ ಇಡೀ ದೇಹದ ಲೆಕ್ಕದಲ್ಲಿ ಡೋಸ್ ಸುಮಾರು 5 ಮಿಲಿಸೀವರ್ಟ್. ನೆಲ, ಗಾಳಿ, ಅನ್ನ, ಆಕಾಶಗಳಿಂದ ಮನುಷ್ಯನಿಗೆ ವರ್ಷವಿಡೀ ತಗಲುವ ವಿಕಿರಣದ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್. ಎರಡು ವರ್ಷದ ಪಾಲು ಉಸಿರು ಹಿಡಿದು ಬಿಡುವಷ್ಟರಲ್ಲಿ ಬಂತು. ಹೊಟ್ಟೆಯ ಸ್ಕ್ಯಾನನ್ನು ಪ್ಲೇನ್ ಆಗಿ ಒಮ್ಮೆ, ಕಾಂಟ್ರಾಸ್ಟ್ ಕೊಟ್ಟು ಮತ್ತೆರಡು ಸಲ ತೆಗೆದರೆ ಡೋಸೂ ಹತ್ತಿರ ಹತ್ತಿರ ಮೂರು ಪಟ್ಟು. ಎದೆ ಸಾಕು ಎಂದಿದ್ದರೂ ಸ್ಕ್ಯಾನಿನ ಗೆರೆಯನ್ನು ಹೊಟ್ಟೆಯವರೆಗೆ ಎಳೆದರೆ ಡಿ.ಎಲ್.ಪಿ. ಅಷ್ಟು ಏರುತ್ತದೆ. ಈ ಎಲ್ಲವೂ ಆ ಪಟ್ಟಿಯಲ್ಲಿ ಸಾಲುಸಾಲಾಗಿ ನಮೂದಾಗಿರುತ್ತದೆ. ರೋಗಿ ಮೇಜಿನಿಂದ ಇಳಿದು ಅಂಗಿ ತೊಟ್ಟುಕೊಳ್ಳುವ ಹೊತ್ತಿಗೆ ಪಟ್ಟಿ ಕಂಪ್ಯೂಟರಿನೊಳಗೆ ಸೇರಿಬಿಡುತ್ತದೆ. ರಿಪೋರ್ಟು ಟೈಪಾಗುವಾಗ ಅದನ್ನು ಯಾರೂ ತೆರೆಯುವುದಿಲ್ಲ. ಅಳೆದಾಗಿದೆ, ಬರೆದುಕೊಟ್ಟಿಲ್ಲ. ನನ್ನ ತಕರಾರು ಇದರ ಮೇಲೆ.

ಈ ಮೌನದ ಬೆಲೆ 2021ರ ಮೇ ತಿಂಗಳಲ್ಲಿ ಇಡೀ ದೇಶಕ್ಕೆ ಕಾಣಿಸಿತು. ಕೋವಿಡ್ಡಿನ ಎರಡನೆಯ ಅಲೆ. ಸಣ್ಣ ಜ್ವರಕ್ಕೂ ಎಚ್.ಆರ್.ಸಿ.ಟಿ. ಎಂಬ ಎದೆಯ ಸಿ.ಟಿ., ಎರಡು ದಿನ ಬಿಟ್ಟು ಇನ್ನೊಂದು. ಜನ ಸಿ.ಟಿ. ಸ್ಕೋರನ್ನು ಪರೀಕ್ಷೆಯ ಅಂಕದಂತೆ ಫೋನಿನಲ್ಲಿ ಹೇಳಿಕೊಳ್ಳುತ್ತಿದ್ದರು. ದಿಲ್ಲಿಯ ಏಮ್ಸ್ ನಿರ್ದೇಶಕರಾಗಿದ್ದ ರಣದೀಪ್ ಗುಲೇರಿಯಾ, ಒಂದು ಸಿ.ಟಿ. 300–400 ಎದೆ ಎಕ್ಸ್‌ರೇಗೆ ಸಮ, ಲಘು ಸೋಂಕಿಗೆ ಅದು ಬೇಡ ಎಂದು ಎಚ್ಚರಿಸಿದರು. ರೇಡಿಯಾಲಜಿ ವೈದ್ಯರ ರಾಷ್ಟ್ರೀಯ ಸಂಘ ತಕ್ಷಣ ಸಿಡಿದೆದ್ದಿತು: ಇದು ಹಳೆಯ ಕಾಲದ ಲೆಕ್ಕ, ಇಂದಿನ ಅತಿ ಕಡಿಮೆ ಡೋಸಿನ ಸಿ.ಟಿ. ಬರೀ 5–10 ಎಕ್ಸ್‌ರೇಗೆ ಸಮ ಎಂದಿತು.

ಒಂದು ಕಡೆ 400, ಇನ್ನೊಂದು ಕಡೆ 5. ಎರಡೂ ಬಾಯಿ ದೊಡ್ಡವರದೇ. ಲೆಕ್ಕ ಹಾಕಿ ನೋಡಿದರೆ ಇಬ್ಬರ ಮಾತಿಗೂ ಆಧಾರವಿದೆ. ಒಂದು ಎದೆ ಎಕ್ಸ್‌ರೇ ಸುಮಾರು 0.02 ಮಿಲಿಸೀವರ್ಟ್, ಮಾಮೂಲಿ ಸಿ.ಟಿ.ಯ 6ನ್ನು ಅದರಿಂದ ಭಾಗಿಸಿದರೆ 300. ಯಂತ್ರವನ್ನು ಅತಿ ಕಡಿಮೆ ಡೋಸಿಗೆ ಹೊಂದಿಸಿ 0.2ಕ್ಕೆ ಇಳಿಸಿದರೆ 10. ಇಂಡಿಯ, ಸಿಂದಗಿಯ ರೋಗಿಯೊಬ್ಬರು ಮಲಗಿದ ಯಂತ್ರ ಆ ದಿನ ಯಾವ ಹೊಂದಾಣಿಕೆಯಲ್ಲಿ ಓಡಿತು ಎಂಬುದೇ ನಿಜವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡಬಲ್ಲ ಅಂಕಿ ಅವರ ರಿಪೋರ್ಟಿನಲ್ಲಿದ್ದಿದ್ದರೆ ದಿಲ್ಲಿಯ ಜಗಳಕ್ಕೆ ನಾವು ಕಿವಿಗೊಡಬೇಕಾಗಿರಲಿಲ್ಲ. ಅದೇ ತಿಂಗಳು ಕರ್ನಾಟಕ ಸರ್ಕಾರ ಖಾಸಗಿಯವರು ಮಾಡುವ ಸಿ.ಟಿ.ಗೆ ಬಿ.ಪಿ.ಎಲ್. ಕಾರ್ಡಿನವರಿಗೆ 1,500 ರೂಪಾಯಿ, ಉಳಿದವರಿಗೆ 2,500 ಎಂದು ದರ ಕಟ್ಟಿತು. ಒಳ್ಳೆಯ ಕೆಲಸ. ಆದರೆ ದರ ಕಟ್ಟಿದ ಕೈ ಡೋಸನ್ನೂ ಬರೆದುಕೊಡಿ ಎಂದು ಒಂದು ಸಾಲು ಸೇರಿಸಿದ್ದರೆ ಖಜಾನೆಗೆ ಒಂದು ಪೈಸೆಯ ಖರ್ಚೂ ಬರುತ್ತಿರಲಿಲ್ಲ.

ಯಂತ್ರ ತೋರಿಸುವ ಅಂಕಿಯನ್ನೂ ಕಣ್ಣು ಮುಚ್ಚಿ ಒಪ್ಪುವಂತಿಲ್ಲ. ನಮ್ಮ ಭಾಗದವರಿಗೆ ಇದು ವಿಶೇಷವಾಗಿ ಅನ್ವಯಿಸುವ ಮಾತು. ಸಿ.ಟಿ.ಡಿ.ಐ. ಎಂಬುದು ರೋಗಿಯ ಮೈಯಲ್ಲಿ ಅಳೆದದ್ದಲ್ಲ. ಎದೆ, ಹೊಟ್ಟೆಗಳಿಗೆ 32 ಸೆಂ.ಮೀ. ಅಗಲದ ಒಂದು ಅಕ್ರಿಲಿಕ್ ದಿಂಡಿನಲ್ಲಿ ಅಳೆದ ಲೆಕ್ಕ ಅದು. ಸ್ಥೂಲ ದೇಹಕ್ಕೆ ಆ ಲೆಕ್ಕ ಹೊಂದಬಹುದು. ತೊಗರಿ ಹೊಲದಲ್ಲಿ ಬಿಸಿಲಿಗೆ ಬಾಡಿದ ಕೂಲಿಯವಳ ಮೈ ಅಷ್ಟೆಲ್ಲಿ? ದೇಹ ತೆಳ್ಳಗಿದ್ದಷ್ಟೂ ಒಳಗಿನ ಅಂಗಗಳಿಗೆ ತಲುಪುವ ವಿಕಿರಣ ಹೆಚ್ಚು. ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ 2011ರಲ್ಲಿ ಇದಕ್ಕೆ ತಿದ್ದುಪಡಿ ಕೋಷ್ಟಕ ಕೊಟ್ಟಿತು. ಅದರ ಪ್ರಕಾರ ದೇಹದ ಸರಾಸರಿ ಅಡ್ಡಗಲ 22 ಸೆಂ.ಮೀ. ಇದ್ದರೆ ಪರದೆಯ ಅಂಕಿಯನ್ನು ಸುಮಾರು 1.65ರಿಂದ ಗುಣಿಸಬೇಕು. ಪರದೆಯಲ್ಲಿ 10 ಕಂಡರೆ ಆಕೆಗೆ ಸಿಕ್ಕಿದ್ದು 16ರ ಮೇಲೆ. ಯಂತ್ರವನ್ನು ಕಂಪನಿಯವರು ಕೂರಿಸಿಹೋದಾಗಿನ ಹೊಂದಾಣಿಕೆಯಲ್ಲೇ ಎಲ್ಲರಿಗೂ ಓಡಿಸಿದರೆ ಹೆಚ್ಚು ಪಾಲು ಉಣ್ಣುವುದು ಬಡಕಲು ಮೈ, ಅದಕ್ಕಿಂತ ಹೆಚ್ಚು ಮಕ್ಕಳ ಮೈ.

ಎಕ್ಸ್‌ರೇ ಕೋಣೆಯ ಕಥೆ ಬೇರೆ, ಆದರೆ ಅಲ್ಲಿಯೂ ಅಂಕಿ ಕಣ್ಮರೆಯಾಗಿದೆ. ಹಿಂದೆ ಫಿಲ್ಮು ತೊಳೆಯುವ ಕಾಲದಲ್ಲಿ ಡೋಸ್ ಹೆಚ್ಚಾದರೆ ಚಿತ್ರ ಕಪ್ಪಗಾಗಿ ಕೆಡುತ್ತಿತ್ತು. ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು. ಈಗಿನ ಡಿಜಿಟಲ್ ಎಕ್ಸ್‌ರೇಯಲ್ಲಿ ಕಂಪ್ಯೂಟರು ಎಲ್ಲವನ್ನೂ ಸರಿಮಾಡಿ ತೋರಿಸುತ್ತದೆ. ಡೋಸ್ ಕಡಿಮೆಯಾದರೆ ಚಿತ್ರ ಮರಳು ಮರಳಾಗಿ ಕಾಣುತ್ತದೆ, ಡಾಕ್ಟರು ಬೈಯುತ್ತಾರೆ. ಹೆಚ್ಚಾದರೆ ಚಿತ್ರ ನುಣುಪಾಗಿ ಬರುತ್ತದೆ, ಯಾರೂ ಕೇಳುವುದಿಲ್ಲ. ಹಾಗಾಗಿ ಟೆಕ್ನಿಷಿಯನ್ನಿನ ಕೈ ವರ್ಷದಿಂದ ವರ್ಷಕ್ಕೆ ಮೇಲೇರುತ್ತ ಹೋಗುತ್ತದೆ. ಚಿತ್ರದ ಮೂಲೆಯಲ್ಲಿ ಇರುವ ಡೀವಿಯೇಶನ್ ಇಂಡೆಕ್ಸ್ ಎಂಬ ಅಂಕಿ ಇದನ್ನೇ ಹೇಳಲು ಇಟ್ಟದ್ದು. ಸೊನ್ನೆ ಎಂದರೆ ಹದ, 3 ಎಂದರೆ ಬೇಕಾದದ್ದರ ಎರಡು ಪಟ್ಟು. ಪ್ರಿಂಟಿಗೆ ಹೋಗುವ ಮುನ್ನ ಆ ಮೂಲೆ ಕತ್ತರಿಸಿಹೋಗುವುದೇ ಹೆಚ್ಚು.

ನಿಯಮ ಇಲ್ಲವೇ ಎಂದರೆ, ಇದೆ. 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಎಕ್ಸ್‌ರೇ, ಸಿ.ಟಿ. ಯಂತ್ರಗಳಿಗೆ ಪರವಾನಗಿ ಕೊಡುತ್ತದೆ. ಅದರ ಇ-ಲೋರಾ ಎಂಬ ಆನ್‌ಲೈನ್ ವ್ಯವಸ್ಥೆ ಬಂದ ಮೇಲೆ ಯಾವ ಊರಿನಲ್ಲಿ ಯಾವ ಯಂತ್ರವಿದೆ ಎಂಬುದು ದಾಖಲಾಗುವಂತಾಯಿತು. 2016ರ ಅದರ ಸುರಕ್ಷತಾ ಸಂಹಿತೆ ಗೋಡೆಯ ದಪ್ಪ, ಯಂತ್ರದ ಗುಣಮಟ್ಟ ಪರೀಕ್ಷೆ, ವಿಕಿರಣ ಸುರಕ್ಷತಾ ಅಧಿಕಾರಿ, ಗರ್ಭಿಣಿಯರಿಗೆ ಎಚ್ಚರಿಕೆ ಫಲಕ, ಎಲ್ಲವನ್ನೂ ಹೇಳುತ್ತದೆ. ಕೆಲಸ ಮಾಡುವವರ ವಿಷಯದಲ್ಲಂತೂ ಮಂಡಳಿಯ ಶಿಸ್ತು ಮೆಚ್ಚುವಂಥದ್ದು. ಟೆಕ್ನಿಷಿಯನ್ನಿನ ಎದೆಯ ಮೇಲಿನ, ವಿಕಿರಣ ಅಳೆಯುವ ಟಿ.ಎಲ್.ಡಿ. ಬ್ಯಾಡ್ಜು ಮೂರು ತಿಂಗಳಿಗೊಮ್ಮೆ ಪ್ರಯೋಗಾಲಯಕ್ಕೆ ಹೋಗುತ್ತದೆ. ಅವರಿಗೆ ತಗಲುವ ಡೋಸ್ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20, ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಮೀರಬಾರದು. ಅವರ ಡೋಸಿನ ಲೆಕ್ಕ ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದ ರಾಷ್ಟ್ರೀಯ ದಾಖಲೆಯಲ್ಲಿ ಸೇರುತ್ತದೆ. ಸೀಸದ ಗಾಜಿನ ಹಿಂದೆ ನಿಂತವರಿಗೆ ಇಷ್ಟು ಲೆಕ್ಕ. ಗಾಜಿನ ಈಚೆ ಮಲಗಿದವರಿಗೆ ರಾಷ್ಟ್ರೀಯ ದಾಖಲೆ ಹಾಗಿರಲಿ, ಒಂದು ಚೀಟಿಯೂ ಇಲ್ಲ. ರೋಗಿಗೆ ಡೋಸಿನ ಮಿತಿ ಇಡುವಂತಿಲ್ಲ ಎಂಬುದು ಸರಿಯಾದ ತತ್ವವೇ. ಜೀವ ಉಳಿಸಲು ಎಷ್ಟು ಬೇಕೋ ಅಷ್ಟು ಕೊಡಲೇಬೇಕು. ಮಿತಿ ಬೇಡ, ಲೆಕ್ಕ ಬೇಕು.

ಬರೆದಿಡುವುದು ನಮಗೆ ಆಗದ ಕೆಲಸವೇನಲ್ಲ. ಗರ್ಭಿಣಿಯ ಅಲ್ಟ್ರಾಸೌಂಡ್ ಮಾಡುವ ಪ್ರತಿಯೊಂದು ಕೇಂದ್ರವೂ 1994ರ ಪಿ.ಸಿ.ಪಿ.ಎನ್.ಡಿ.ಟಿ. ಕಾಯ್ದೆಯ ಕೆಳಗೆ ಒಬ್ಬೊಬ್ಬರಿಗೂ ‘ಎಫ್’ ನಮೂನೆ ತುಂಬುತ್ತದೆ, ತಿಂಗಳು ತಿಂಗಳು ವರದಿ ಕಳಿಸುತ್ತದೆ. ಹೆಣ್ಣು ಭ್ರೂಣಗಳನ್ನು ಉಳಿಸಲು ಅದು ಬೇಕೇ ಬೇಕಿತ್ತು. ವಿಕಿರಣವೇ ಇಲ್ಲದ ಯಂತ್ರಕ್ಕೆ ಅಷ್ಟು ಕಟ್ಟುನಿಟ್ಟಾಗಿ ದಾಖಲೆ ಬರೆಯಬಲ್ಲ ಸಿಬ್ಬಂದಿಗೆ ಪಕ್ಕದ ಕೋಣೆಯ ಸಿ.ಟಿ.ಯ ಎರಡು ಅಂಕಿ ಭಾರವಾಗಲಾರದು. ಲೆಕ್ಕ ಬರೆದಿಡುವುದು ಸಾಲೋಟಗಿಗೆ ಹೊಸದೂ ಅಲ್ಲ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಇಲ್ಲಿ ಕಟ್ಟಿಸಿದ ವಿದ್ಯಾಶಾಲೆಯ ಕ್ರಿ.ಶ. 945ರ ಶಾಸನದಲ್ಲಿ ವಿದ್ಯಾರ್ಥಿಗಳ ವಸತಿ ಮನೆಗಳು 27, ದೀಪಕ್ಕೆ 12 ನಿವರ್ತನ ಭೂಮಿ, ಗುರುವಿಗೆ 50 ನಿವರ್ತನ ಎಂದು ಎಲ್ಲರೂ ಓದುವಂತೆ ಕಲ್ಲಿನಲ್ಲೇ ಕಂಡರಿಸಿದ್ದಾರೆ.

ಹಾಗೆಂದು ಬರೆದುಬಿಟ್ಟರೆ ಎಲ್ಲ ಸರಿಹೋಯಿತೆಂದು ನಾನು ಹೇಳಲಾರೆ. ಲಾಸ್ ಏಂಜಲಿಸ್ಸಿನ ಸೀಡರ್ಸ್-ಸೈನಾಯ್ ಆಸ್ಪತ್ರೆಯಲ್ಲಿ ಪಾರ್ಶ್ವವಾಯು ಶಂಕೆಯ ಇನ್ನೂರಕ್ಕೂ ಹೆಚ್ಚು ರೋಗಿಗಳಿಗೆ ಹದಿನೆಂಟು ತಿಂಗಳ ಕಾಲ ಮೆದುಳಿನ ಸಿ.ಟಿ.ಯಲ್ಲಿ ಎಂಟು ಪಟ್ಟು ಡೋಸ್ ಹೋಯಿತು. 2009ರಲ್ಲಿ ಅದು ಬಯಲಾದದ್ದು ರೋಗಿಯೊಬ್ಬರು ತಲೆಗೂದಲು ಉದುರುತ್ತಿದೆ ಎಂದು ದೂರಿದ ಮೇಲೆ. ಯಂತ್ರ ಪ್ರತಿ ಸಲವೂ ಅಂಕಿ ತೋರಿಸುತ್ತಲೇ ಇತ್ತು. ಎಷ್ಟಿರಬೇಕು ಎಂದು ಗೊತ್ತಿಲ್ಲದಿದ್ದರೆ ಎಷ್ಟಿದೆ ಎಂಬುದು ಕಣ್ಣಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ. ಮರುವರ್ಷ ಕ್ಯಾಲಿಫೋರ್ನಿಯಾ ಸಿ.ಟಿ. ಡೋಸನ್ನು ರಿಪೋರ್ಟಿನಲ್ಲಿ ಬರೆಯಬೇಕೆಂದು ಕಾನೂನು ಮಾಡಿತು; ಯುರೋಪಿನ ದೇಶಗಳು 2013ರ ನಿರ್ದೇಶನದ ಮೇಲೆ ಅದನ್ನೇ ಮಾಡಿವೆ.

ಡಾಕ್ಟರರ ಕಡೆಯಿಂದ ಒಂದು ಆಕ್ಷೇಪ ಬರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಅಂಕಿ ಕಂಡು ಜನ ಹೆದರಿ ಬೇಕಾದ ಸ್ಕ್ಯಾನನ್ನೂ ಬೇಡವೆಂದರೆ? ಬೈಕಿನಿಂದ ಬಿದ್ದು ಪ್ರಜ್ಞೆ ತಪ್ಪಿದವನ ತಲೆಯ ಸಿ.ಟಿ. ಮುಂದೆ ಡೋಸಿನ ಮಾತೆತ್ತುವುದು ಪಾಪ. ಕ್ಷಯ ಹುಡುಕಲು ಹಳ್ಳಿಗೆ ಬರುವ ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರಕ್ಕೆ ಎದೆ ಕೊಡಲು ಯಾರೂ ಅಂಜಬೇಕಿಲ್ಲ, ಆ 0.02ರ ಎದುರು ಗೊತ್ತಾಗದೆ ಉಳಿದ ಕ್ಷಯ ಬೆಟ್ಟದಷ್ಟು ಅಪಾಯ. ಆದರೆ ಅಂಕಿ ಮುಚ್ಚಿಟ್ಟರೆ ಈ ಭೇದ ತಿಳಿಯುವುದಾದರೂ ಹೇಗೆ? ಈಗ ಎಕ್ಸ್‌ರೇಗೂ ಸಿ.ಟಿ.ಗೂ ಒಂದೇ ಅಂಜಿಕೆ, ಇಲ್ಲವೇ ಎರಡಕ್ಕೂ ಒಂದೇ ಉದಾಸೀನ. ಮಕ್ಕಳ ವಿಷಯದಲ್ಲಿ ಉದಾಸೀನ ಸಲ್ಲದು. ಯುರೋಪಿನ ಒಂಬತ್ತು ದೇಶಗಳ ಸುಮಾರು ಒಂಬತ್ತೂವರೆ ಲಕ್ಷ ಮಕ್ಕಳು, ಯುವಕರನ್ನು ಹಿಂಬಾಲಿಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು: ಸಿ.ಟಿ. ಆದ 10,000 ಮಕ್ಕಳಲ್ಲಿ ಒಂದೋ ಎರಡೋ ಮಕ್ಕಳಿಗೆ ಮುಂದಿನ ಹನ್ನೆರಡು ವರ್ಷಗಳಲ್ಲಿ ಅದರಿಂದ ರಕ್ತದ ಕ್ಯಾನ್ಸರ್ ಬರಬಹುದು ಎಂದು. ಒಂದು ಮಗುವಿನ ಮಟ್ಟಿಗೆ ಸಣ್ಣ ಅಪಾಯ. ಸಣ್ಣಗೆ ತಲೆನೋವೆಂದವನಿಗೆಲ್ಲ ಸ್ಕ್ಯಾನ್ ಬರೆಯುವ ಜಿಲ್ಲೆಯ ಮಟ್ಟಿಗೆ ಸಣ್ಣದಲ್ಲ.

ಸೊಲ್ಲಾಪುರದ ಡಾಕ್ಟರ ಮುಂದೆ ಹಿಂದಿನ ವಾರದ ಡಿ.ಎಲ್.ಪಿ. ಇದ್ದರೆ ಅವರು ಆ ಸ್ಕ್ಯಾನಿನ ಸಿ.ಡಿ. ತರಿಸಿ ನೋಡಬಹುದು, ಬೇಕಾದ ಭಾಗವನ್ನಷ್ಟೇ ತೆಗೆಸಬಹುದು. ಅದಕ್ಕೆ ಮೊದಲು ‘ಎಷ್ಟಿರಬೇಕು’ ಎಂಬ ಅಳತೆಗೋಲು ನಮ್ಮದೇ ಆಗಿರಬೇಕು. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 1996ರಿಂದ ಹೇಳುತ್ತ ಬಂದಿರುವ ಡಯಾಗ್ನೊಸ್ಟಿಕ್ ರೆಫರೆನ್ಸ್ ಲೆವೆಲ್ ಅದೇ: ಒಂದು ಪ್ರದೇಶದ ಆಸ್ಪತ್ರೆಗಳ ಮಧ್ಯಮ ಡೋಸುಗಳನ್ನು ಏರಿಕೆಯಲ್ಲಿ ಜೋಡಿಸಿ ಮುಕ್ಕಾಲು ಭಾಗದ ಗೆರೆ ಎಳೆಯುವುದು; ಗೆರೆ ದಾಟಿದವರು ಏಕೆಂದು ಪರೀಕ್ಷಿಸಿಕೊಳ್ಳುವುದು. ಸುಮಾರು 70 ಕಿಲೋ ತೂಕದವರ ಯುರೋಪಿನ ಗೆರೆಯನ್ನು ಎರವಲು ತಂದರೆ 50 ಕಿಲೋದ ನಮ್ಮ ರೋಗಿಗೆ ಕೊಟ್ಟ ಹೆಚ್ಚಿನ ಡೋಸೂ ಗೆರೆಯ ಒಳಗೇ ಬಿದ್ದು ಎಲ್ಲ ಚೆನ್ನಾಗಿದೆ ಎನಿಸಿಬಿಡುತ್ತದೆ. ಆಯೋಗ 2017ರಲ್ಲಿ ಕೇಳಿದ್ದು ಒಂದೊಂದು ಪರೀಕ್ಷೆಗೆ ಪ್ರತಿ ಕೇಂದ್ರದಿಂದ ಕನಿಷ್ಠ 20 ರೋಗಿಗಳ ಲೆಕ್ಕ. ವಿಜಯಪುರದಲ್ಲೇ ವೈದ್ಯಕೀಯ ಕಾಲೇಜುಗಳಿವೆ, ರೇಡಿಯಾಲಜಿ ಓದುವ ಎಂ.ಡಿ. ವಿದ್ಯಾರ್ಥಿಗಳು ಪ್ರಬಂಧಕ್ಕೆ ವಿಷಯ ಹುಡುಕುತ್ತಿರುತ್ತಾರೆ. ಎದೆ, ಹೊಟ್ಟೆ, ತಲೆ, ಮಕ್ಕಳ ತಲೆ ಎಂದು ನಾಲ್ಕು ಪರೀಕ್ಷೆ ಹಿಡಿದು, ರೋಗಿಯ ತೂಕವನ್ನೂ ಬರೆದುಕೊಂಡು, ಕಂಪ್ಯೂಟರಿನಲ್ಲಿ ಈಗಾಗಲೇ ಕುಳಿತಿರುವ ಪಟ್ಟಿಗಳನ್ನು ತೆರೆದರೆ ವಿಜಯಪುರ ಜಿಲ್ಲೆಯ ಮೊದಲ ಗೆರೆ ಒಬ್ಬ ವಿದ್ಯಾರ್ಥಿಯ ಪ್ರಬಂಧದ ಅವಧಿಯಲ್ಲೇ ಸಿಗುತ್ತದೆ. ಅಲ್ಲಿಯವರೆಗೆ ರಿಪೋರ್ಟಿನ ಕೊನೆಗೆ ಸಿ.ಟಿ.ಡಿ.ಐ., ಡಿ.ಎಲ್.ಪಿ., ಎಷ್ಟು ಸಲ ಓಡಿಸಿದರು, ರೋಗಿಯ ತೂಕ, ಇಷ್ಟನ್ನು ಕನ್ನಡದಲ್ಲಿ ಒಂದು ಸಾಲು ಬರೆದುಕೊಡಲು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ.