ಹಳ್ಳವನ್ನು ಮಗುವೇ ದಾಟಲಿ

ಮಕ್ಕಳ ಕಾಡುನಡಿಗೆಗೆ ಹಿಡಿತ ಚೆನ್ನಾಗಿರುವ, ಒದ್ದೆಯಾದರೂ ಬೇಸರವಾಗದ ಹಳೇ ಶೂ ಸಾಕು. ಅದಕ್ಕಿಂತ ಮುಖ್ಯವಾದದ್ದು, ಮಕ್ಕಳನ್ನು ಯಾವಾಗ ಕರೆದೊಯ್ಯಬೇಕು ಎಂಬುದು.

ದಸರಾ ರಜೆಯಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಜುಲೈನಲ್ಲಿ ಹಳ್ಳಗಳು ಉಕ್ಕುತ್ತಿರುತ್ತವೆ, ಹೆಜ್ಜೆಗೊಂದು ಇಂಬಳ. ಬೇಸಿಗೆ ರಜೆಯ ಹೊತ್ತಿಗೆ ಸಣ್ಣ ಹಳ್ಳಗಳು ಬತ್ತಿ, ಒಣ ತರಗೆಲೆಯಲ್ಲಿ ಉಣುಗು ಹೆಚ್ಚಿರುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವುದು ಈ ಉಣುಗೇ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಟ. ಇವೆರಡರ ನಡುವೆ ನೀರು ತಿಳಿಯಾಗಿ, ಕಾಡು ಹಸಿರಾಗಿ ಸಿಗುವ ಕಾಲ ದಸರಾ. ಹಿಂಗಾರಿನ ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಬರುವುದರಿಂದ ಬೆಳಿಗ್ಗೆ ಹೊರಟು ಊಟದ ಹೊತ್ತಿಗೆ ಮರಳಬೇಕು.

ಚಿಕ್ಕಮಗಳೂರು ಜಿಲ್ಲೆಯ ಮಲ್ಲಂದೂರು ಇದಕ್ಕೆ ಹೇಳಿ ಮಾಡಿಸಿದ ಊರು. ಇಲ್ಲಿಂದ ಕೆಳಗಿಳಿದರೆ ಜಾಗರ ಕಣಿವೆ. ಅಲ್ಲಿನ ಹಳ್ಳಗಳೆಲ್ಲ ಸೋಮವಾಹಿನಿಯನ್ನು ಕೂಡಿ ಭದ್ರೆಗೆ ಸೇರುತ್ತವೆ. ಮುಂದಿನ ಮುತ್ತೋಡಿ ಕಾಡು 1998ರಿಂದ ಹುಲಿ ಯೋಜನೆಗೆ ಸೇರಿದೆ. ಅಲ್ಲಿ ಸಫಾರಿ ವಾಹನವೇ ಗತಿ, ನಡಿಗೆಯಿಲ್ಲ. ಮಕ್ಕಳ ನಡಿಗೆಗೆ ತೋಟದಂಚಿನ ಹಳ್ಳ ಸಾಕು. ಮಾಲೀಕರ ಒಪ್ಪಿಗೆ ಪಡೆದು, ದಾರಿ ಬಲ್ಲ ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಆನೆ ಓಡಾಟದ ಸುದ್ದಿ ಇದ್ದರೆ ಅಂದಿನ ನಡಿಗೆ ರದ್ದು.

ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಹಳ್ಳ ದಾಟಿಸುವವರ ಜೊತೆ ನನ್ನ ಜಗಳ ಹಳೆಯದು. ನೀರನ್ನು ಓದುವುದು ಮಗುವೇ ಕಲಿಯಬೇಕು. ಹಳ್ಳ ಅಗಲವಾಗಿ ಹರಡಿದಲ್ಲಿ ಆಳವೂ ಸೆಳೆತವೂ ಕಡಿಮೆ, ಕಿರಿದಾದಲ್ಲಿ ಎರಡೂ ಹೆಚ್ಚು. ಪಾಚಿಗಟ್ಟಿದ ಕಲ್ಲಿನಿಂದ ಕಲ್ಲಿಗೆ ಹಾರುವುದಕ್ಕಿಂತ ನೀರಿಗಿಳಿದು, ಹರಿವಿಗೆ ಮುಖ ಮಾಡಿ, ಅಡ್ಡ ಅಡ್ಡವಾಗಿ ಹೆಜ್ಜೆ ಸರಿಸುವುದು ಕ್ಷೇಮ. ದೊಡ್ಡವರು ಮಗುವಿನ ಕೆಳಹರಿವಿನ ಕಡೆ, ಕೈಗೆಟಕುವಷ್ಟು ಹತ್ತಿರ ನಿಲ್ಲಬೇಕು. ನೀರು ಮಗುವಿನ ಮೊಣಕಾಲು ಮೀರಿದರೆ ವಾಪಸ್. ತಿಳಿನೀರು ಕೆಂಪಗಾಗಿ ತರಗೆಲೆ ತೇಲಿಬಂದರೆ ಮೇಲೆಲ್ಲೋ ಮಳೆಯಾಗಿದೆ ಎಂದರ್ಥ, ತಕ್ಷಣ ದಡ ಹತ್ತಿ. ಜಲಪಾತದ ತಲೆಯ ಬಳಿ ಎಂದೂ ದಾಟಬೇಡಿ.

ತುದಿ ಮುಟ್ಟಿ ಫೋಟೊ ತೆಗೆಸಿಕೊಂಡರಷ್ಟೇ ಚಾರಣ ಎನ್ನುವವರಿಗೆ ಈ ನಡಿಗೆ ರುಚಿಸುವುದಿಲ್ಲ. ಅವರು 'ಕರ್ವಾಲೊ' ಮತ್ತೊಮ್ಮೆ ಓದಲಿ. 1980ರಲ್ಲಿ ಬಂದ ತೇಜಸ್ವಿಯವರ ಆ ಕಾದಂಬರಿಯಲ್ಲಿ ಇಡೀ ತಂಡ ಹಾರುವ ಓತಿಯ ಬೆನ್ನು ಹತ್ತಿ ಕಾಡು ಹೊಗುತ್ತದೆ. ಕೊನೆಗೆ ಓತಿ ಕಣಿವೆಗೆ ತೇಲಿ ಹೋಗುತ್ತದೆ, ಕೈಗೆ ಸಿಗುವುದಿಲ್ಲ. ಊರವರು ಅಬ್ಬೇಪಾರಿ ಎಂದುಕೊಂಡ ಮಂದಣ್ಣನಲ್ಲಿ ನೋಡುವ ಕಣ್ಣಿದೆ ಎಂದು ವಿಜ್ಞಾನಿ ಕರ್ವಾಲೊ ಗುರುತಿಸಿದ್ದೇ ಅಲ್ಲಿನ ದೊಡ್ಡ ಸಂಗತಿ. ಮಕ್ಕಳಿಗೆ ಬೇಕಾದದ್ದು ಆ ಕಣ್ಣು.

ಅದಕ್ಕೆ ಹಳ್ಳದ ಒಂದು ಕಲ್ಲು ಸಾಕು. ಮೆಲ್ಲಗೆ ಮಗುಚಿ ನೋಡಿ: ಅಡಿಯಲ್ಲಿ ಮರಳಿನ ಕಣಗಳನ್ನು ತನ್ನದೇ ರೇಷ್ಮೆಯಿಂದ ಅಂಟಿಸಿ ಗೂಡು ಕಟ್ಟಿಕೊಂಡ ಹುಳು ಇರುತ್ತದೆ. ಪಕ್ಕದಲ್ಲಿ ಚಪ್ಪಟೆ ಮೈಯ, ಬಾಲದಲ್ಲಿ ಎಳೆಗಳಿರುವ ಇನ್ನೊಂದು ಕಲ್ಲಿಗೆ ಅವಚಿಕೊಂಡಿರುತ್ತದೆ. ನೋಡಿದ ಮೇಲೆ ಕಲ್ಲನ್ನು ಇದ್ದ ಹಾಗೆಯೇ ಇಡಬೇಕು. ಈ ಹುಳುಗಳು ಬದುಕುವುದು ಆಮ್ಲಜನಕ ತುಂಬಿದ ಶುದ್ಧ ನೀರಿನಲ್ಲಿ. ಕಾಫಿ ಕೊಯ್ಲು ಶುರುವಾಗಿ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ ತೊಳೆದ ನೀರು ಹಳ್ಳಕ್ಕೆ ಬಿದ್ದರೆ ಅದು ಕೊಳೆಯುತ್ತಾ ಆಮ್ಲಜನಕವನ್ನೆಲ್ಲ ನುಂಗುತ್ತದೆ, ಹುಳುಗಳು ಸಾಯುತ್ತವೆ, ಅವನ್ನು ತಿನ್ನುವ ಮೀನೂ ಉಳಿಯುವುದಿಲ್ಲ.

ಆದ್ದರಿಂದ ತೋಟದ ಮಾಲೀಕರಲ್ಲಿ ನನ್ನದೊಂದು ಬೇಡಿಕೆ: ಪಲ್ಪರ್‌ ನೀರನ್ನು ಸಂಸ್ಕರಿಸದೆ ಹಳ್ಳಕ್ಕೆ ಬಿಡಬೇಡಿ. ಈ ದಸರಾದಲ್ಲಿ ಕಲ್ಲು ಮಗುಚಿ ನೋಡಿದ ಮಕ್ಕಳು ಮುಂದಿನ ದಸರಾಕ್ಕೂ ಬರುತ್ತಾರೆ.