ಉಳಿದದ್ದು ಯಾವುದು? ಕ್ರಿಪಲ್‌ಗೇಟಿನ ಸೇಂಟ್ ಜೈಲ್ಸ್ ಚರ್ಚಿನ ಚರಿತ್ರೆಯನ್ನು ಕುರಿತು

ಲಂಡನ್ನಿನ ಕ್ರಿಪಲ್‌ಗೇಟಿನಲ್ಲಿರುವ ಸೇಂಟ್ ಜೈಲ್ಸ್ ಚರ್ಚಿನ ಚರಿತ್ರೆಯನ್ನು ಸಾಮಾನ್ಯವಾಗಿ ಅನಾಹುತಗಳ ಅನುಕ್ರಮಣಿಕೆಯಾಗಿ ನಿರೂಪಿಸಲಾಗುತ್ತದೆ. 1394ರಲ್ಲಿ ಗೋಥಿಕ್ ಶೈಲಿಯಲ್ಲಿ ಮರುನಿರ್ಮಾಣಗೊಂಡ ಈ ಕಟ್ಟಡ 1545ರಲ್ಲಿ ಅಗ್ನಿಗಾಹುತಿಯಾಯಿತು. 1897ರಲ್ಲಿ ಮತ್ತೊಮ್ಮೆ ಬೆಂಕಿಗೆ ಸಿಲುಕಿತು. 1940ರಲ್ಲಿ ಜರ್ಮನ್ ಬಾಂಬುಗಳಿಗೆ ಗುರಿಯಾಯಿತು. ಆದರೂ ಉಳಿಯಿತು ಎಂಬಲ್ಲಿಗೆ ಕಥನ ಮುಗಿಯುತ್ತದೆ. ಈ 'ಉಳಿಯಿತು' ಎಂಬ ಕ್ರಿಯಾಪದಕ್ಕೆ ಕರ್ತೃಪದ ಯಾವುದೆಂಬ ಪ್ರಶ್ನೆಯನ್ನು ಯಾರೂ ಎತ್ತುವಂತೆ ಕಾಣುವುದಿಲ್ಲ.

ಪ್ಯಾರಿಷ್ ಚರ್ಚು ಎಂದರೆ ಬರಿಯ ಕಟ್ಟಡವಲ್ಲ. ಗೊತ್ತುಪಡಿಸಿದ ಎಲ್ಲೆಯೊಳಗಿನ ಜನರ ನಾಮಕರಣ, ವಿವಾಹ, ಶವಸಂಸ್ಕಾರಗಳಿಗೆ ಹೊಣೆಯಾದ ಸಂಸ್ಥೆ. 1620ರಲ್ಲಿ ಆಲಿವರ್ ಕ್ರಾಮ್‌ವೆಲ್ಲನ ವಿವಾಹ ನಡೆದದ್ದೂ 1674ರಲ್ಲಿ ಕವಿ ಮಿಲ್ಟನ್ನನನ್ನು ಮಣ್ಣು ಮಾಡಿದ್ದೂ ಇಲ್ಲಿಯೇ. 1666ರ ಮಹಾ ಅಗ್ನಿಯಿಂದ ನಗರದ ಕೋಟೆಗೋಡೆಯ ಹೊರಗಿದ್ದ ಈ ಚರ್ಚು ಪಾರಾದುದನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅದರ ಹಿಂದಿನ ವರ್ಷವೇ, ಅಂದರೆ 1665ರ ಪ್ಲೇಗಿನಲ್ಲಿ, ಲಂಡನ್ನಿನಲ್ಲಿ ಅತಿ ಹೆಚ್ಚು ಸಾವುಗಳನ್ನು ಕಂಡ ಪ್ಯಾರಿಷ್‌ಗಳಲ್ಲಿ ಇದೂ ಒಂದಾಗಿತ್ತು. ಪ್ಲೇಗು ಒಂದು ಕಲ್ಲನ್ನೂ ಕದಲಿಸಲಿಲ್ಲವಾದ್ದರಿಂದ ಕಟ್ಟಡಕೇಂದ್ರಿತ ಚರಿತ್ರೆಯಲ್ಲಿ ಅದಕ್ಕೆ ಸ್ಥಳವಿಲ್ಲ!

1940ರ ದಾಳಿಯ ತರುವಾಯ ಗೋಡೆಗಳು, ಕಂಬಸಾಲು ಮತ್ತು ಗೋಪುರ ಮಾತ್ರ ನಿಂತಿದ್ದವು. ವಾಸ್ತುಶಿಲ್ಪಿ ಗಾಡ್‌ಫ್ರೆ ಅಲೆನ್ 1545ರ ಬೆಂಕಿಯ ನಂತರದ ಪುನರ್ನಿರ್ಮಾಣದ ನಕ್ಷೆಗಳನ್ನು ಆಧರಿಸಿ ಜೀರ್ಣೋದ್ಧಾರ ಕೈಗೊಂಡರು. 1960ರಲ್ಲಿ ಚರ್ಚು ಪುನಃ ತೆರೆಯಿತು. ಒಂದು ಅನಾಹುತ ಉಳಿಸಿಹೋದ ದಾಖಲೆಯೇ ಇನ್ನೊಂದು ಅನಾಹುತದಲ್ಲಿ ನೆರವಾಯಿತೆಂಬುದು ಸ್ವಾರಸ್ಯಕರ. ಆದರೆ ಈಗ ಕಣ್ಣಿಗೆ ಬೀಳುವ ಮಧ್ಯಯುಗೀನತೆಯ ಬಹುಪಾಲು ಇಪ್ಪತ್ತನೆಯ ಶತಮಾನದ ಆಯ್ಕೆಯ ಫಲವೆಂಬುದನ್ನು ಮರೆಯಲಾಗದು.

ಜನರ ಗತಿ ಬೇರೆಯಾಯಿತು. 1951ರ ಜನಗಣತಿಯಲ್ಲಿ ಕ್ರಿಪಲ್‌ಗೇಟ್ ವಾರ್ಡಿನ ನಿವಾಸಿಗಳ ಸಂಖ್ಯೆ ಕೇವಲ 48. ಮುಂದೆ ಚರ್ಚಿನ ಸುತ್ತ ಬಾರ್ಬಿಕನ್ ವಸತಿ ಸಮುಚ್ಚಯ ಎದ್ದು ಹೊಸ ನಿವಾಸಿಗಳು ಬಂದರು. ಅವರು ಹಳೆಯ ಪ್ಯಾರಿಷ್ಷಿನ ವಾರಸುದಾರರೇ, ನೆರೆಹೊರೆಯವರೇ ಎಂಬುದನ್ನು ವಾಸ್ತುಚರಿತ್ರೆಯೊಂದೇ ನಿರ್ಣಯಿಸಲಾರದು.

ಇಲ್ಲಿನ ಆರ್ಗನ್ ವಾದ್ಯದ ಸಂಗತಿಯೊಂದನ್ನು ಇಲ್ಲಿ ಸೇರಿಸಬಹುದು. ಜನಸಂಖ್ಯೆ ಬೆಳೆದಂತೆ 1733ರಲ್ಲಿ ಈ ಪ್ಯಾರಿಷ್ಷಿನ ಒಂದು ಭಾಗವನ್ನು ಬೇರ್ಪಡಿಸಿ ಓಲ್ಡ್ ಸ್ಟ್ರೀಟಿನಲ್ಲಿ ಸೇಂಟ್ ಲ್ಯೂಕ್ಸ್ ಚರ್ಚನ್ನು ಸ್ಥಾಪಿಸಲಾಗಿತ್ತು. ನೆಲ ಕುಸಿದು ಅದು 1959ರಲ್ಲಿ ಮುಚ್ಚಿದಾಗ, ಅಲ್ಲಿಯ ಆರ್ಗನ್ನನ್ನು ಮೂಲ ಚರ್ಚಿಗೆ ತರಲಾಯಿತು.