ಪೊರಿಗೆರೆಯ ಕಟ್ಟಳೆಯನ್ನು ಸಂವಿಧಾನ ಎನ್ನಬಹುದೇ?

ಹಳೆಯದೇನು ಸಿಕ್ಕರೂ ಅದಕ್ಕೆ ‘ಮೊದಲ’ ಎಂಬ ಪೇಟ ಸುತ್ತುವುದು ನಮ್ಮ ವೇದಿಕೆಗಳ ಚಟ. ಅನುಭವ ಮಂಟಪ ಮೊದಲ ಸಂಸತ್ತಾಯಿತು. ಲಕ್ಷ್ಮೇಶ್ವರದ ಒಂದು ಶಾಸನವೂ ಅದೇ ಪೇಟಕ್ಕೆ ಕಾದು ನಿಂತಂತಿದೆ. ಸುಮಾರು ಕ್ರಿ.ಶ. 725ರಲ್ಲಿ, ತಂದೆ ವಿಜಯಾದಿತ್ಯ ಇನ್ನೂ ಪಟ್ಟದಲ್ಲಿದ್ದಾಗ, ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಪೊರಿಗೆರೆಯ ಮಹಾಜನರಿಗೆ, ನಗರಕ್ಕೆ, ಹದಿನೆಂಟು ಪ್ರಕೃತಿಗಳಿಗೆ (ಪ್ರಜಾವರ್ಗಗಳಿಗೆ) ಕೊಟ್ಟ ‘ಆಚಾರವ್ಯವಸ್ಥೆ’ ಅದು. ಪೊರಿಗೆರೆ ಎಂದರೆ ಪುಲಿಗೆರೆ, ಇಂದಿನ ಲಕ್ಷ್ಮೇಶ್ವರ. ಎಪಿಗ್ರಾಫಿಯಾ ಇಂಡಿಕಾದ 14ನೇ ಸಂಪುಟದಲ್ಲಿ ಇದನ್ನು ಇಂಗ್ಲಿಷಿಗೆ ತಂದ ಬಾರ್ನೆಟ್, ಆಚಾರವ್ಯವಸ್ಥೆಗೆ ‘ಕಾನ್‌ಸ್ಟಿಟ್ಯೂಷನ್’ ಎಂಬ ಪದ ಹಾಕಿದರು. ಗೊಂದಲದ ಬೀಜ ಅಲ್ಲೇ ಬಿತ್ತು.

ಪದದ ಜಗಳ ಆಮೇಲೆ ಆಡೋಣ. ಕಲ್ಲು ಹೇಳುವುದನ್ನು ಮೊದಲು ಕೇಳಬೇಕು. ರಾಜಪುರುಷರು, ಅಂದರೆ ಅರಸನ ಅಧಿಕಾರಿಗಳು, ಏನೇನನ್ನು ಕಾಯಬೇಕು ಎಂಬ ಪಟ್ಟಿಯಿಂದ ಅದು ಶುರುವಾಗುತ್ತದೆ: ಅರಸ ಕೊಟ್ಟ ದತ್ತಿ, ಅರಸ ಸಾರಿದ ಮಾತು, ಮರ್ಯಾದೆ, ತಾಮ್ರಶಾಸನ, ಅನುಭವಿಸುತ್ತ ಬಂದ ಆಸ್ತಿಯ ಮುಂದಿನ ಅನುಭೋಗ. ಆಮೇಲೆ ಮನೆಗಳ ಅಂತಸ್ತಿಗೆ ತಕ್ಕಂತೆ ವರ್ಷದ ತೆರಿಗೆ, ಕಳವು ಮತ್ತಿತರ ತಪ್ಪುಗಳ ದಂಡ, ಶ್ರೇಣಿಗೆ, ಅಂದರೆ ಕಸುಬಿನವರ ಸಂಘಕ್ಕೆ, ಸಲ್ಲಬೇಕಾದ ಬಾಬತ್ತು. ಕೆಲವು ಪದಗಳ ಅರ್ಥ ಇನ್ನೂ ತಕರಾರಿನಲ್ಲಿದೆ. ಆದರೆ ಮೊದಲ ಸಾಲುಗಳ ದಿಕ್ಕು ಸ್ಪಷ್ಟ. ಊರವರು ಅರಸನಿಗೆ ಏನು ಕೊಡಬೇಕು ಎನ್ನುವುದಕ್ಕಿಂತ ಮುಂಚೆ, ಅರಸನ ಜನ ಊರಿನ ಯಾವುದಕ್ಕೆ ಕೈ ಹಚ್ಚಬಾರದು ಎಂಬುದು ಬಂದಿದೆ. ಈ ಅನುಕ್ರಮವನ್ನು ನಾನು ತುಂಬ ಮೆಚ್ಚುತ್ತೇನೆ. ಅದೂ ಕನ್ನಡದಲ್ಲಿ. ಕವಿರಾಜಮಾರ್ಗ ಈ ಸೀಮೆಯ ಮಾತನ್ನು ಕನ್ನಡದ ತಿರುಳು ಎಂದು ಗುರುತಿಸುವುದಕ್ಕೆ ನೂರು ವರ್ಷಕ್ಕೂ ಮೊದಲೇ, ತೆರಿಗೆ ಕಟ್ಟುವವನ ಮಾತಿನಲ್ಲೇ ತೆರಿಗೆಯ ಕಟ್ಟಳೆ ಕೊರೆದಿತ್ತು.

‘ಮರ್ಯಾದೆ’ ಎಂಬ ಪದದ ಹತ್ತಿರ ಸ್ವಲ್ಪ ನಿಲ್ಲಬೇಕು. ನಾವೀಗ ಅದನ್ನು ಮಾನಕ್ಕೆ, ಗೌರವಕ್ಕೆ ಸವೆಸಿದ್ದೇವೆ. ಕಲ್ಲಿನಲ್ಲಿ ಅದು ಎಲ್ಲೆ, ನಡೆದುಬಂದ ಕಟ್ಟು, ದಾಟಬಾರದ ಗೆರೆ. ಇದೇ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಗಾಯಕರಿಗೆ ಹಿಂದೆ ಕೊಟ್ಟಿದ್ದ ಹಕ್ಕನ್ನು ಮತ್ತೆ ಗಟ್ಟಿಮಾಡಿದಳು. ಹಿಂದಿನವರು ಬಿಟ್ಟದ್ದನ್ನು ಮುಂದಿನವರು ಕಿತ್ತುಕೊಳ್ಳಬಾರದು ಎಂಬ ತಿಳಿವಳಿಕೆ ಆ ಮನೆತನಕ್ಕೆ ಇತ್ತು ಅನ್ನಿಸುತ್ತದೆ. ಇನ್ನು ಭುಕ್ತಿಯ, ಅಂದರೆ ಅನುಭೋಗದ ಮಾತು ನಮ್ಮ ಕಡೆ ಯಾರಿಗೂ ಹೊಸದಲ್ಲ: ಇವತ್ತಿಗೂ ಜಮೀನಿನ ವ್ಯಾಜ್ಯದಲ್ಲಿ ‘ಕಬ್ಜೆ ವಹಿವಾಟು ಯಾರದು?’ ಎಂದೇ ಕೇಳುತ್ತಾರೆ. ಆದರೆ ನಮ್ಮ ಸಂವಿಧಾನದಲ್ಲಿ ಆಸ್ತಿಯ ಹಕ್ಕು ಮೂಲಭೂತ ಹಕ್ಕಾಗಿದ್ದದ್ದು 1978ರ 44ನೇ ತಿದ್ದುಪಡಿಯವರೆಗೆ ಮಾತ್ರ.

ಇಷ್ಟು ಮೆಚ್ಚಿದ ಮೇಲೂ ಇದನ್ನು ಸಂವಿಧಾನ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಅದು ಕೊಟ್ಟದ್ದು, ಊರು ಕಟ್ಟಿಕೊಂಡದ್ದಲ್ಲ. ವಾಕ್ಯದ ಕರ್ತೃ ಯುವರಾಜ. ಊರು ಬರುವುದು ಚತುರ್ಥಿ ವಿಭಕ್ತಿಯಲ್ಲಿ. ಅಲ್ಲಿ ಮಹಾಜನರಿದ್ದಾರೆ, ನಗರವಿದೆ, ಶ್ರೇಣಿಯಿದೆ, ಹದಿನೆಂಟು ಪ್ರಕೃತಿಗಳಿವೆ. ಒಂಟಿ ಮನುಷ್ಯ ಇಲ್ಲ. ತನ್ನ ಗುಂಪು ತನ್ನನ್ನೇ ತುಳಿದರೆ ಯಾರ ಬಾಗಿಲು ಬಡಿಯಬೇಕು ಎಂಬುದಕ್ಕೆ ಈ ಕಲ್ಲಿನಲ್ಲಿ ಉತ್ತರವಿಲ್ಲ, ಆ ಪ್ರಶ್ನೆಯೂ ಇಲ್ಲ.

ಆ ಉತ್ತರಕ್ಕಾಗಿ ಲಕ್ಷ್ಮೇಶ್ವರ ಬಹಳ ಕಾದಿತು. ಸುತ್ತ ಬ್ರಿಟಿಷರ ಧಾರವಾಡ ಜಿಲ್ಲೆ, ನಡುವೆ ಮಿರಜ್ ಸಂಸ್ಥಾನದ ತುಂಡು ನೆಲವಾಗಿ ಈ ಊರು. ಪಕ್ಕದ ಶಿರಹಟ್ಟಿ ಸಾಂಗ್ಲಿಯವರದು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ಕರಗುವ ತನಕ ಇಲ್ಲಿಯವರು ಪ್ರಜೆಗಳೇ ಹೊರತು ನಾಗರಿಕರಾಗಿರಲಿಲ್ಲ. ದೆಹಲಿಯ ಸಂವಿಧಾನ ಸಭೆಯಲ್ಲಿ ಈ ಭಾಗ ಬಲ್ಲ ಎಸ್. ನಿಜಲಿಂಗಪ್ಪ, ಆರ್.ಆರ್. ದಿವಾಕರ ಕೂತಿದ್ದರು. 1949ರ ನವೆಂಬರ್ 26ರಂದು ಒಪ್ಪಿಕೊಂಡ, 395 ವಿಧಿಗಳ ಆ ಹೊತ್ತಿಗೆ ಶುರುವಾದದ್ದು ‘ನಾವು’ ಎಂಬ ಸರ್ವನಾಮದಿಂದ. ಚತುರ್ಥಿಯಲ್ಲಿದ್ದ ಊರು ಪ್ರಥಮಾ ವಿಭಕ್ತಿಗೆ ಬಂತು. ನಾನು ಸಂವಿಧಾನದ ದೊಡ್ಡಸ್ತಿಕೆಯನ್ನು ಅಳೆಯುವುದು ಈ ವ್ಯಾಕರಣದಿಂದ. ಅಂತಸ್ತು ನೋಡಿ ಮನೆಗಳನ್ನು ಎಣಿಸಿದ ನೆಲದಲ್ಲಿ ಎಲ್ಲರ ವೋಟಿಗೂ ಒಂದೇ ತೂಕ. ಲಕ್ಷ್ಮೇಶ್ವರ ಸೇರಿರುವ ಶಿರಹಟ್ಟಿ ವಿಧಾನಸಭಾ ಕ್ಷೇತ್ರ ಈಗ ಪರಿಶಿಷ್ಟ ಜಾತಿಗೆ ಮೀಸಲು. ಹದಿನೆಂಟು ಪ್ರಕೃತಿಗಳ ಕಲ್ಲು ಇದನ್ನು ಕನಸಿನಲ್ಲೂ ಕಂಡಿರಲಾರದು.

ಹಾಗಾದರೆ ಕಲ್ಲನ್ನು ಕಲ್ಲಾಗಿಯೇ ಬಿಟ್ಟುಬಿಡೋಣವೇ? ಬೇಡ. ನಮ್ಮ ಸಂವಿಧಾನ ತೀರ ಸೊರಗಿದ ಒಂದು ಜಾಗವಿದೆ, ಅಲ್ಲಿ ಈ ಕಲ್ಲು ಒಳ್ಳೆಯ ಅಳತೆಗೋಲು. ಆ ಜಾಗವೇ ಊರು. ಕರಡಿನಲ್ಲಿ ಹಳ್ಳಿ, ಪಟ್ಟಣಗಳ ಸ್ವಾಡಳಿತಕ್ಕೆ ಜಾಗ ಇಲ್ಲವೆಂದು ಸಭೆಯಲ್ಲಿ ಗೊಣಗಾಟವಾಯಿತು. ಹಳ್ಳಿಯೆಂದರೆ ಜಾತಿಯ ಕೂಪ ಎಂದು ಕಂಡುಂಡಿದ್ದ ಅಂಬೇಡ್ಕರ್ ಮೊದಲಿಗೆ ಅದಕ್ಕೆ ಸೊಪ್ಪು ಹಾಕಲಿಲ್ಲ. ಅವರ ಅನುಮಾನ ಸುಳ್ಳೆಂದು ನಾನೂ ಹೇಳಲಾರೆ. ಗ್ರಾಮ ಪಂಚಾಯತಿಗೆ 40ನೇ ವಿಧಿಯ ನಿರ್ದೇಶನವಾದರೂ ದಕ್ಕಿತು. ಪಟ್ಟಣಕ್ಕೆ ಅದೂ ಇಲ್ಲ. ಪುರಸಭೆಗಳ ಹೆಸರು ಸಂವಿಧಾನದೊಳಗೆ ಗಟ್ಟಿಯಾಗಿ ಬಂದದ್ದು 1992ರ 74ನೇ ತಿದ್ದುಪಡಿಯಿಂದ. ಅದು ಸೇರಿಸಿದ 12ನೇ ಅನುಸೂಚಿಯಲ್ಲಿ ಬಾಬತ್ತುಗಳು ಸರಿಯಾಗಿ 18. ಪ್ರಕೃತಿಗಳೂ ಹದಿನೆಂಟು, ಬಾಬತ್ತುಗಳೂ ಹದಿನೆಂಟು. ಕಾಕತಾಳೀಯ, ಆದರೂ ನಗು ಬರುತ್ತದೆ.

ಐದು ವರ್ಷಕ್ಕೊಮ್ಮೆ ಚುನಾವಣೆ, ಹೆಂಗಸರಿಗೆ ಮೂರನೇ ಒಂದು ಭಾಗಕ್ಕೆ ಕಡಿಮೆಯಾಗದ ಸ್ಥಾನ: ಈ ಎರಡರಲ್ಲಿ ತಿದ್ದುಪಡಿಯ ದನಿ ಗಟ್ಟಿ. ಆ ಹದಿನೆಂಟು ಬಾಬತ್ತುಗಳ ಅಧಿಕಾರದ ಮಾತು ಬಂದ ಕೂಡಲೇ ದನಿ ಇಳಿಯುತ್ತದೆ. ರಾಜ್ಯದ ಶಾಸನಸಭೆ ಅವನ್ನು ಪುರಸಭೆಗೆ ‘ಕೊಡಬಹುದು’ ಎನ್ನುತ್ತದೆ 243ಡಬ್ಲ್ಯೂ ವಿಧಿ. ಕೊಡತಕ್ಕದ್ದು ಅಲ್ಲ, ಕೊಡಬಹುದು. ಮತ್ತೆ ಚತುರ್ಥಿ ವಿಭಕ್ತಿಗೇ ಬಂದೆವು. ಚುನಾವಣೆ ಮುಗಿಸಿದ ಊರೂ ಮೇಲಿನವರ ಮುಖ ನೋಡುತ್ತ ಕೂರುವುದನ್ನು ಕಂಡಿದ್ದೇವೆ: 2018ರಲ್ಲಿ ವೋಟು ಹಾಕಿದ ಕರ್ನಾಟಕದ ಎಷ್ಟೋ ಪಟ್ಟಣಗಳಲ್ಲಿ, ಅಧ್ಯಕ್ಷ–ಉಪಾಧ್ಯಕ್ಷರ ಮೀಸಲಾತಿ ಪಟ್ಟಿ ವ್ಯಾಜ್ಯಕ್ಕೆ ಬಿದ್ದು, ಆ ಖುರ್ಚಿಗಳು ತುಂಬಿದ್ದು 2020ರ ಕೊನೆಗೆ. ಅಲ್ಲಿಯವರೆಗೆ ಗೆದ್ದ ಸದಸ್ಯರು ಮನೆಯಲ್ಲಿ, ಆಡಳಿತಾಧಿಕಾರಿ ಕಚೇರಿಯಲ್ಲಿ. ಮನೆಪಟ್ಟಿ, ನೀರಪಟ್ಟಿ ಮಾತ್ರ ಒಂದು ವರ್ಷವೂ ತಪ್ಪಲಿಲ್ಲ.

ರಾಜಪುರುಷರು ಕಾಯಬೇಕು ಎಂದ ಯುವರಾಜನಿಗೆ ಊರಿನ ವೋಟು ಬೇಕಿರಲಿಲ್ಲ. ಆದರೂ ಅವನ ಕಲ್ಲಿನಲ್ಲಿ ‘ಬೇಕು’ ಇದೆ. ವೋಟಿನಿಂದಲೇ ಬಂದವರು ಬರೆದ ವಿಧಿಯಲ್ಲಿ ‘ಬಹುದು’ ಇದೆ.